ಜೋಳಿಗೆ ಬಂದಾಗ ಬಾಗಿಲು ತೆರೆಯೋಣ

(ವ್ಯಸನಮುಕ್ತ ದಿನದ ಅಂಗವಾಗಿ ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಆಗಸ್ಟ್ 1 ಇಳಕಲ್ಲಿನ ಪೂಜ್ಯ ಡಾ. ಮಹಾಂತ ಶಿವಯೋಗಿಗಳ ಜನ್ಮದಿನ. ನಮ್ಮ ರಾಜ್ಯ ಸರ್ಕಾರ ಈ ದಿನವನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಇಂಥ ದಿನ ಭಾಷಣ ಮಾಡುವುದು ಬಹಳ ಸುಲಭ. ಕುಡಿತ ಕೆಟ್ಟದ್ದು, ತಂಬಾಕು ಕ್ಯಾನ್ಸರ್ ತರುತ್ತದೆ, ಯುವಕರು ದಾರಿ ತಪ್ಪುತ್ತಿದ್ದಾರೆ ಎಂದರೆ ನೀವೂ ಚಪ್ಪಾಳೆ ತಟ್ಟುತ್ತೀರಿ, ನಾನೂ ಪ್ರಸಾದ ಮುಗಿಸಿ ಮನೆಗೆ ಹೋಗುತ್ತೇನೆ. ಮೂವತ್ತು ವರ್ಷ ಶಾಲೆಯಲ್ಲಿ ನಾನು ಅದನ್ನೇ ಮಾಡಿದೆ. ಜೂನ್ 26ರ ಮಾದಕವಸ್ತು ವಿರೋಧಿ ದಿನಕ್ಕೆ ಜಾಥಾ, ಪ್ರಬಂಧ ಸ್ಪರ್ಧೆ, ಪ್ರತಿಜ್ಞಾವಿಧಿ ಎಲ್ಲ ಮಾಡಿಸಿದ್ದೇನೆ. ಇವತ್ತು ಮಾತ್ರ ನನ್ನದೇ ಒಂದು ತಪ್ಪಿನಿಂದ ಮಾತು ಶುರು ಮಾಡಲು ಪೂಜ್ಯರ ಅಪ್ಪಣೆ ಕೇಳಿದ್ದೇನೆ.

ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗನಿದ್ದ. ಖೋಖೋದಲ್ಲಿ ಅವನು ಕಂಬದ ಹತ್ತಿರ ತಿರುಗಿದರೆ ಹಿಡಿಯುವವರಿರಲಿಲ್ಲ. ಒಂದು ಮಧ್ಯಾಹ್ನ ಶೌಚಾಲಯದ ಹಿಂದೆ ಅವನು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಕುಳಿತಿದ್ದನ್ನು ನಮ್ಮ ಜವಾನ ಕಂಡು ಕರೆದುಕೊಂಡು ಬಂದ. ಕರವಸ್ತ್ರಕ್ಕೆ ಪಂಕ್ಚರ್ ಹಾಕುವ ಸಲ್ಯೂಷನ್ನಿನ ವಾಸನೆ. ನಾನು ತಂದೆಗೆ ಫೋನು ಮಾಡಿದೆ. ಅವರು ಊರಲ್ಲಿ ಮಾನವಂತರು, ದಿನಾ ಇಷ್ಟಲಿಂಗ ಪೂಜೆ ಮಾಡದೆ ನೀರು ಮುಟ್ಟದವರು. ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಹೇಳಿದರು: “ಸರ, ನಮ್ಮ ಮನಿತನದ ಮರ್ಯಾದಿ ಪ್ರಶ್ನೆ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಅವರವ್ವಗೂ ನಾ ಹೇಳಂಗಿಲ್ಲ.”

ನನಗೂ ಅದೇ ಬೇಕಾಗಿತ್ತು. ಮರ್ಯಾದೆ ನನ್ನ ಶಾಲೆಗೂ ಇತ್ತಲ್ಲ? ವಾರದಲ್ಲಿ ವರ್ಗಾವಣೆ ಪತ್ರ ಬರೆದುಕೊಟ್ಟೆ. ಕಾರಣದ ಜಾಗದಲ್ಲಿ ‘ಪಾಲಕರ ಕೋರಿಕೆಯ ಮೇರೆಗೆ’ ಎಂದು ಬರೆದೆ. ಸುಳ್ಳೇನೂ ಅಲ್ಲ. ಹುಡುಗ ಬೇರೆ ಊರಿನ ಶಾಲೆಗೆ ಹೋದ. ಅಲ್ಲಿಯ ಮುಖ್ಯೋಪಾಧ್ಯಾಯರಿಗೂ ನಾನು ಏನೂ ಹೇಳಲಿಲ್ಲ. ಒಳ್ಳೆಯ ಕೆಲಸ ಮಾಡಿದೆ, ಒಬ್ಬ ಹುಡುಗನ ಹೆಸರು ಉಳಿಸಿದೆ ಎಂದುಕೊಂಡೆ.

ಕೆಲವು ವರ್ಷಗಳ ನಂತರ ಅವನ ಮಣ್ಣಿಗೆ ಹೋದೆ. ಸಲ್ಯೂಷನ್ನು ಗಾಂಜಾ ಆಗಿತ್ತು, ಗಾಂಜಾದ ಜೊತೆ ಕುಡಿತ, ನೋವಿನ ಮಾತ್ರೆ ಸೇರಿದ್ದವು. ಇಪ್ಪತ್ತೆರಡು ವಯಸ್ಸು. ಒಂದು ಬೆಳಗ್ಗೆ ಹಾಸಿಗೆಯಿಂದ ಏಳಲೇ ಇಲ್ಲ. ವಿಭೂತಿ ಹಚ್ಚಿ ಕುಳ್ಳಿರಿಸಿದ್ದರು. ಬಂದವರೆಲ್ಲ ಹಾರ್ಟ್ ಅಟ್ಯಾಕ್ ಎಂದರು. ಎಲ್ಲರಿಗೂ ಗೊತ್ತಿತ್ತು, ಯಾರೂ ಅನ್ನಲಿಲ್ಲ. ನಾನು ಕೈಮುಗಿದು ಹೊರಡುವಾಗ ಅವನ ತಾಯಿ ನನ್ನನ್ನು ನಿಲ್ಲಿಸಿ ಕೇಳಿದರು: “ಸರ, ಸಾಲ್ಯಾಗ ಇದ್ದಾಗನ ನಿಮಗ ಗೊತ್ತಾಗಿತ್ತಂತ. ನನಗೊಂದ ಮಾತ ಹೇಳಿದ್ದರ ಏನಾಗತಿತ್ರಿ?”

ಶರಣ ಬಂಧುಗಳೇ, ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಇವತ್ತೂ ಇಲ್ಲ. ಆ ತಾಯಿಯನ್ನು ಕೇಳಿಯೇ ಈ ಮಾತು ನಿಮ್ಮ ಮುಂದಿಡುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ. ಆ ಹುಡುಗನನ್ನು ಕೊಂದದ್ದು ಕೇವಲ ಸಲ್ಯೂಷನ್ನು, ಮಾತ್ರೆಗಳಲ್ಲ. ನಾನು ಮತ್ತು ಅವರ ತಂದೆ ಸೇರಿ ಹಾಕಿದ ಆ ಬಾಗಿಲೂ ಅದರಲ್ಲಿ ಪಾಲುದಾರ.

ನಮ್ಮ ಸಮಾಜದಲ್ಲಿ ಒಂದು ಹೆಮ್ಮೆಯ ಮಾತಿದೆ: ‘ನಮ್ಮವರಲ್ಲಿ ಕುಡಿತ ಇಲ್ಲ’. ಬಸವಾದಿ ಶರಣರ ದಾರಿಯಲ್ಲಿ ಹುಟ್ಟಿದವರಿಗೆ ಈ ಹೆಮ್ಮೆ ಸಹಜ. ಆದರೆ ಈ ಹೆಮ್ಮೆಯೇ ಇವತ್ತು ಅಪಾಯಕಾರಿ ಆಗಿದೆ. ಬೇರೆ ಕಾಯಿಲೆ ಬಂದರೆ ಮನೆಯವರು ನಾಲ್ಕು ಜನರನ್ನು ಕೇಳುತ್ತಾರೆ, ಒಳ್ಳೆಯ ಡಾಕ್ಟರು ಯಾರು ಅಂತ ವಿಚಾರಿಸುತ್ತಾರೆ. ಮಗ ಕುಡಿಯುತ್ತಾನೆ ಎಂದರೆ ಮಾತ್ರ ಕಿಟಕಿ ಮುಚ್ಚುತ್ತಾರೆ. ‘ನಮ್ಮವರಲ್ಲಿ ಇಲ್ಲ’ ಎಂದು ದಿನಾ ಹೇಳುವ ಸಮಾಜದಲ್ಲಿ, ‘ನಮ್ಮ ಮನೆಯಲ್ಲಿ ಇದೆ’ ಎಂದು ಹೇಳುವ ಧೈರ್ಯ ಯಾವ ತಾಯಿಗೆ ಬಂದೀತು? ಮಗಳ ಮದುವೆ ಇದೆ, ಬೀಗರು ಏನಂದಾರು, ಮಠದ ಕಮಿಟಿಯಲ್ಲಿ ಯಜಮಾನರ ಹೆಸರಿದೆ. ಹೀಗೆ ಒಂದೊಂದು ಕಾರಣಕ್ಕೆ ಒಂದೊಂದು ವರ್ಷ ಹೋಗುತ್ತದೆ.

ಮುಚ್ಚಿಡುವುದು ನಮ್ಮೂರಿನ ರೋಗವಷ್ಟೇ ಅಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10ರಿಂದ 75 ವಯಸ್ಸಿನವರಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಸುಮಾರು 3 ಕೋಟಿ ಜನ ಗಾಂಜಾ, ಭಂಗಿಯಂಥವನ್ನು ಬಳಸುತ್ತಾರೆ ಎಂದು ಅದು ಹೇಳಿತು. ನನಗೆ ನಿದ್ದೆಗೆಡಿಸಿದ ಅಂಕಿ ಬೇರೆ. ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆಯಂತೆ. ಉಳಿದ 37 ಜನ ಎಲ್ಲಿದ್ದಾರೆ? ನಮ್ಮ ನಿಮ್ಮ ಮನೆಗಳಲ್ಲಿ, ಮುಚ್ಚಿದ ಬಾಗಿಲ ಹಿಂದೆ ಇದ್ದಾರೆ. ಅದೇ ಸಮೀಕ್ಷೆಯ ಇನ್ನೊಂದು ಮಾತು: ಮೂಗಿನಿಂದ ಎಳೆಯುವ ವೈಟ್ನರ್, ಸಲ್ಯೂಷನ್, ಪೆಟ್ರೋಲಿನಂಥ ಪದಾರ್ಥಗಳ ಚಟ ಮಾತ್ರ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು. ಯಾಕೆಂದರೆ ಅವು ಅಗ್ಗ, ಸ್ಟೇಶನರಿ ಅಂಗಡಿಯಲ್ಲಿ, ಸೈಕಲ್ ಅಂಗಡಿಯಲ್ಲಿ ಸಿಗುತ್ತವೆ, ಯಾರೂ ಸಂಶಯಪಡುವುದಿಲ್ಲ. ಅದನ್ನು ಎಳೆದ ಹುಡುಗನ ಹೃದಯದ ಬಡಿತ ತಪ್ಪಿ ಮೊದಲ ಸಲವೇ ಪ್ರಾಣ ಹೋಗಬಹುದು. ಇದು ಎಷ್ಟು ಜನ ಪಾಲಕರಿಗೆ ಗೊತ್ತಿದೆ?

ಈಗ ಮಹಾಂತಪ್ಪಗಳ ಜೋಳಿಗೆಗೆ ಬರೋಣ.

ಜೋಳಿಗೆ ನಮಗೆ ಹೊಸದಲ್ಲ. ಜಂಗಮರು ಮನೆಮನೆಗೆ ಹೋಗಿ ಜೋಳ, ಅಕ್ಕಿ ಬೇಡಿ ತಂದು ದಾಸೋಹ ನಡೆಸುವುದು ನಮ್ಮ ಪರಂಪರೆ. 1975ರಲ್ಲಿ ಮಹಾಂತಪ್ಪಗಳು ಅದೇ ಜೋಳಿಗೆ ಹಿಡಿದು ಹೊರಟರು. ಬೇಡಿದ್ದು ಮಾತ್ರ ಕಾಳಲ್ಲ, ಜನರ ದುಶ್ಚಟ. ಬೀಡಿ ಹಾಕಿರಿ, ತಂಬಾಕು ಹಾಕಿರಿ, ಬಾಟಲಿ ಹಾಕಿರಿ ಎಂದು ಬೇಡಿದರು. ದಲಿತ ಕೇರಿಗೂ ಹೋದರು, ಗೌಡರ ವಾಡೆಗೂ ಹೋದರು. ಜಾತಿ ಕೇಳಲಿಲ್ಲ. 2018ರಲ್ಲಿ ಲಿಂಗೈಕ್ಯರಾಗುವವರೆಗೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಈ ಭಿಕ್ಷೆ ನಡೆಯಿತು.

ಜೋಳಿಗೆ ಯಾಕೆ ಕೆಲಸ ಮಾಡಿತು ಎಂಬುದನ್ನು ನಾನು ಮೇಷ್ಟ್ರ ಬುದ್ಧಿಯಿಂದ ಬಹಳ ಯೋಚಿಸಿದ್ದೇನೆ. ಮೊದಲನೆಯದು, ಸ್ವಾಮೀಜಿ ತಾವೇ ಬಾಗಿಲಿಗೆ ಬಂದರು. ನಾವು ಕಟ್ಟಿದ ವ್ಯವಸ್ಥೆಯಲ್ಲಿ ಚಟಕ್ಕೆ ಬಿದ್ದವನೇ ತಲೆ ತಗ್ಗಿಸಿಕೊಂಡು ಬರಬೇಕು. ಎರಡನೆಯದು, ಅವರು ಬೈಯಲಿಲ್ಲ, ಬೇಡಿದರು. ಬೇಡುವವನು ಕೊಡುವವನಿಗಿಂತ ಕೆಳಗೆ ನಿಲ್ಲುತ್ತಾನೆ. ಊರೆಲ್ಲ ಕುಡುಕ ಎಂದು ದೂರವಿಟ್ಟವನನ್ನು ಅಷ್ಟು ದೊಡ್ಡ ಗುರುಗಳು ಕೊಡುವ ಸ್ಥಾನದಲ್ಲಿ ನಿಲ್ಲಿಸಿದರು. ಅವನಿಗೆ ಕಳೆದುಹೋದ ಮಾನ ಆ ಕ್ಷಣ ಮರಳಿ ಬಂತು. ಮೂರನೆಯದು, ಕೊಟ್ಟದ್ದು ನಾಲ್ಕು ಜನರ ಮುಂದೆ. ಹೆಂಡತಿ ನೋಡಿದಳು, ಓಣಿ ನೋಡಿತು. ಮಾರನೆಯ ದಿನ ಅವನು ಗುಡಿಯ ಕಟ್ಟೆಗೆ ಬಂದರೆ ‘ಬಿಟ್ಟಿಯಂತಲ್ಲೋ ತಮ್ಮಾ, ಚಲೋ ಆತು’ ಎನ್ನುವವರಿದ್ದರು. ಒಬ್ಬನ ಗುಟ್ಟಾಗಿದ್ದದ್ದು ಊರಿನ ಕೆಲಸವಾಯಿತು.

ನಾನು ನನ್ನ ಕೋಣೆಯಲ್ಲಿ ಮಾಡಿದ್ದು ಇದಕ್ಕೆ ತದ್ವಿರುದ್ಧ. ಹುಡುಗನ ಹತ್ತಿರ ಹೋಗಲಿಲ್ಲ, ಕರೆಸಿದೆ. ಬೇಡಲಿಲ್ಲ, ಬೈದೆ. ನಾಲ್ಕು ಜನರ ಆಸರೆ ಕೊಡಿಸುವ ಬದಲು ಇದ್ದ ಗೆಳೆಯರಿಂದ, ಆಟದ ಮೈದಾನದಿಂದ ಅವನನ್ನು ಕಿತ್ತು ಕಳಿಸಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬಾಗಿಲು ತೆರೆಯುವುದು ಅಂದರೆ ಡಂಗುರ ಸಾರುವುದಲ್ಲ. ದೊಡ್ಡವನೊಬ್ಬ ತಾನಾಗಿ ಎಲ್ಲರ ಮುಂದೆ ಪ್ರತಿಜ್ಞೆ ಮಾಡುವುದು ಬೇರೆ, ಹದಿನೈದರ ಹುಡುಗನ ಹೆಸರನ್ನು ನಾವು ಪ್ರಾರ್ಥನೆಯ ಸಾಲಿನಲ್ಲಿ ಕೂಗುವುದು ಬೇರೆ. ಹುಡುಗನ ಹೆಸರು ಬೀದಿಗೆ ಬರಬಾರದು. ಹುಡುಗನ ಕಷ್ಟ ಮಾತ್ರ ಸರಿಯಾದ ನಾಲ್ಕು ಜನರ ಕಿವಿಗೆ ಬೀಳಲೇಬೇಕು. ತಾಯಿ, ತಂದೆ, ಒಬ್ಬ ಶಿಕ್ಷಕ, ಒಬ್ಬ ವೈದ್ಯ. ಇವರಲ್ಲಿ ಒಬ್ಬರನ್ನು ಬಿಟ್ಟರೂ ಕೊಂಡಿ ತಪ್ಪುತ್ತದೆ.

ಎರಡನೆಯ ಎಚ್ಚರಿಕೆ ಇನ್ನೂ ಮುಖ್ಯ. ಪ್ರತಿಜ್ಞೆ ಆರಂಭ, ಅದೇ ಚಿಕಿತ್ಸೆಯಲ್ಲ. ಬಹಳ ವರ್ಷದಿಂದ ದಿನಾ ವಿಪರೀತ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಬೆವರು, ಫಿಟ್ಸ್ ಬರಬಹುದು. ಎರಡು ಮೂರು ದಿನದಲ್ಲಿ ಇಲ್ಲದ್ದು ಕಂಡಂತಾಗಿ, ಮೈಮೇಲೆ ಹುಳ ಹರಿದಂತಾಗಿ ಕೂಗಾಡಬಹುದು. ಹಳ್ಳಿಯಲ್ಲಿ ಇದಕ್ಕೆ ದೆವ್ವ ಬಡಿದಿದೆ ಎಂದು ತಾಯತ ಕಟ್ಟಿಸುತ್ತಾರೆ. ಅದು ದೆವ್ವವಲ್ಲ, ಮದ್ಯಕ್ಕೆ ಒಗ್ಗಿದ ಮೆದುಳು ಅದಿಲ್ಲದೆ ಚಡಪಡಿಸುವ ರೀತಿ. ಸಕಾಲಕ್ಕೆ ಆಸ್ಪತ್ರೆಗೆ ಒಯ್ಯದಿದ್ದರೆ ಪ್ರಾಣವೂ ಹೋಗಬಹುದು. ಮೌಢ್ಯವನ್ನು ಹನ್ನೆರಡನೆಯ ಶತಮಾನದಲ್ಲೇ ಖಂಡಿಸಿದ ಶರಣರ ಮಕ್ಕಳು ನಾವು, ತಾಯತದ ಕಡೆ ಹೋಗಬಾರದು. ಜೋಳಿಗೆ ಹಿಡಿದವರ ಜೊತೆಯಲ್ಲೇ ಒಬ್ಬ ಡಾಕ್ಟರು ಅಥವಾ ಆಶಾ ಕಾರ್ಯಕರ್ತೆ ಇರಲಿ.

ಬಿಟ್ಟವನು ಮತ್ತೆ ಹಿಡಿದರೆ ‘ನೋಡಿದಿರಾ, ನಾಯಿಬಾಲ ಡೊಂಕೇ’ ಎನ್ನುವ ಚಾಳಿಯನ್ನೂ ನಾವು ಬಿಡಬೇಕು. ಮರುಕಳಿಸುವುದು ಈ ಕಾಯಿಲೆಯ ಸ್ವಭಾವ. ಸಕ್ಕರೆ ಕಾಯಿಲೆಯವರ ಸಕ್ಕರೆ ಮತ್ತೆ ಏರಿದರೆ ನಾವು ಅವರನ್ನು ಮನೆಯಿಂದ ಹೊರಗೆ ಹಾಕುವುದಿಲ್ಲ, ಔಷಧ ಸರಿಮಾಡಿಸುತ್ತೇವೆ. ಇಲ್ಲಿಯೂ ಅಷ್ಟೇ. ಎರಡನೆಯ ಸಲ ಬಂದವನಿಗೂ ಅದೇ ಚಾಪೆ, ಅದೇ ಪ್ರಸಾದ.

ತಡೆಯುವ ಕೆಲಸ ಒಬ್ಬರಿಂದ ಆಗುವುದಿಲ್ಲ ಎಂದೆ. ಯಾರು ಯಾರು ಏನು ಮಾಡಬಹುದು?

ಮನೆಯಿಂದ ಶುರು ಮಾಡೋಣ. ಮಗನ ನಿದ್ದೆಯ ಹೊತ್ತು ಬದಲಾಗಿದೆ, ಹಳೆಯ ಗೆಳೆಯರು ಬಿಟ್ಟುಹೋಗಿದ್ದಾರೆ, ಆಟ ಬಿಟ್ಟಿದ್ದಾನೆ, ಮನೆಯಲ್ಲಿ ದುಡ್ಡು ಲೆಕ್ಕಕ್ಕೆ ಸಿಗುತ್ತಿಲ್ಲ, ಸುಮ್ಮನೆ ಸಿಡುಕುತ್ತಾನೆ. ಇವುಗಳಲ್ಲಿ ಒಂದೇ ಒಂದು ಕಂಡರೆ ಹರೆಯ ಎನ್ನಬಹುದು, ಮೂರು ನಾಲ್ಕು ಕೂಡಿ ಬಂದರೆ ಕೇಳಬೇಕು. ನಶೆಯಲ್ಲಿದ್ದಾಗ ಕೇಳಬೇಡಿ, ತಂಗಿಯ ಎದುರು ಕೇಳಬೇಡಿ. ಮಾರನೆಯ ಬೆಳಗ್ಗೆ ಹೊಲಕ್ಕೆ ಹೋಗುವಾಗ, ಜೊತೆಗೆ ನಡೆಯುತ್ತ ಕೇಳಿ. ತಂದೆಯೇ ಅಂಗಡಿಗೆ ಮಗನನ್ನು ಕಳಿಸಿ ತಂಬಾಕಿನ ಚೀಟು ತರಿಸುತ್ತಿದ್ದರೆ ಮಾತ್ರ ಯಾವ ಬುದ್ಧಿಮಾತೂ ನಾಟುವುದಿಲ್ಲ.

ಇನ್ನು ಅಂಗಡಿ. ನಮ್ಮ ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಆದರೆ ಪಾನ್ ಮಸಾಲೆಯದು ಒಂದು ಚೀಟು, ತಂಬಾಕಿನದು ಇನ್ನೊಂದು ಚೀಟು ಮಾಡಿ ಎರಡನ್ನೂ ಒಂದೇ ಸರದಲ್ಲಿ ತೂಗುಹಾಕುತ್ತಾರೆ. ಹುಡುಗ ಎರಡನ್ನೂ ಹರಿದು ಅಂಗೈಯಲ್ಲಿ ಕೂಡಿಸಿಕೊಂಡರೆ ಮತ್ತೆ ಗುಟ್ಕಾ! 2003ರ ಕೋಟ್ಪಾ ಕಾಯ್ದೆಯ ಪ್ರಕಾರ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಹದಿನೆಂಟು ತುಂಬದವರಿಗೆ ಮಾರಬಾರದೆಂಬ ನಿಯಮವನ್ನು ಕರ್ನಾಟಕ ತಿದ್ದುಪಡಿ ಮಾಡಿ ಇಪ್ಪತ್ತೊಂದಕ್ಕೆ ಏರಿಸಿದೆ. 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಂ ಪ್ರಕಾರ ಮಕ್ಕಳಿಗೆ ಮದ್ಯ, ಮಾದಕವಸ್ತು ಅಥವಾ ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಇಷ್ಟು ಬಲವಾದ ಕಾನೂನು ಇದೆ ಎಂದು ಅಂಗಡಿಯವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಹಾಗಂತ ಮೊದಲ ದಿನವೇ ಪೊಲೀಸರನ್ನು ಕರೆದುಕೊಂಡು ಅಂಗಡಿಗೆ ಹೋಗಬೇಡಿ. ಕಲ್ಯಾಣದ ಶರಣರ ಬಳಗದಲ್ಲಿ ಹೆಂಡದ ಮಾರಯ್ಯ ಎಂಬ ಶರಣರಿದ್ದರು. ಧರ್ಮೇಶ್ವರಲಿಂಗ ಅವರ ವಚನಾಂಕಿತ. ಹೆಂಡದ ಅಂಗಡಿಯಲ್ಲಿ ಕುಳಿತೇ, ಕುಡಿಯಲು ಬಂದವರಿಗೆ ಕುಡಿತ ಬಿಡಿರೆಂದು ಬುದ್ಧಿ ಹೇಳುತ್ತಿದ್ದರೆಂದು ಅವರ ಕಥೆ ಹೇಳುತ್ತದೆ. ಶರಣರು ಆತನನ್ನು ಹೊರಗೆ ನಿಲ್ಲಿಸಲಿಲ್ಲ, ಒಳಗೆ ಕರೆದು ಕೂರಿಸಿದರು. ಚಟ ಬಿಡಿಸುವವನು ಆ ಅಂಗಡಿಯೊಳಗಿಂದಲೇ ಎದ್ದುಬಂದ. ನಮ್ಮ ಊರಿನ ಕಿರಾಣಿ ಅಂಗಡಿಯವನೂ ಒಬ್ಬ ತಂದೆಯೇ. ಅವನನ್ನು ಬಳಗಕ್ಕೆ ಕರೆದು, ‘ನಿನ್ನ ಮಗನೂ ಇದೇ ಶಾಲೆಗೆ ಹೋಗುತ್ತಾನೆ’ ಎಂದು ಹೇಳಿ ನೋಡಿ. ಔಷಧ ಅಂಗಡಿಯವರಿಗೂ ಇದೇ ಮಾತು. ವೈದ್ಯರ ಚೀಟಿ ಇಲ್ಲದೆ ನೋವಿನ ಮಾತ್ರೆ, ಕೆಮ್ಮಿನ ಸಿರಪ್ಪು ಕೇಳಿ ಬರುವ ಹುಡುಗರು ಯಾರೆಂದು ಊರಿನಲ್ಲಿ ಮೊದಲು ತಿಳಿಯುವುದು ಅವರಿಗೆ. ಮಾತಿಗೆ ಬಗ್ಗದೆ ಮಕ್ಕಳಿಗೇ ಮಾರುವವರಿಗೆ ಕಾನೂನು ಇದ್ದೇ ಇದೆ. ಆಗ ಹಿಂದೆಮುಂದೆ ನೋಡಬಾರದು.

ಪೊಲೀಸರ ವಿಷಯದಲ್ಲಿ ಪಾಲಕರಿಗೆ ಒಂದು ದೊಡ್ಡ ಭಯವಿದೆ. ‘ಮಗ ಗಾಂಜಾ ಸೇದುತ್ತಾನೆ ಎಂದು ಹೇಳಿದರೆ ಜೈಲಿಗೆ ಹಾಕುತ್ತಾರೆ’ ಅಂತ. 1985ರ ಮಾದಕವಸ್ತು ಕಾಯ್ದೆಯಲ್ಲೇ ಇದಕ್ಕೆ ದಾರಿ ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮುಂದೆ ಬಂದು, ಸರ್ಕಾರಿ ಅಥವಾ ಸರ್ಕಾರ ಮಾನ್ಯಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆತನ ಮೇಲೆ ಮೊಕದ್ದಮೆ ನಡೆಸಬಾರದು ಎನ್ನುತ್ತದೆ 64ಎ ಕಲಂ. ಚಿಕಿತ್ಸೆ ಪೂರ್ತಿ ಮಾಡಬೇಕೆಂಬ ಷರತ್ತೂ ಇದೆ. ಮಾರುವವನಿಗೆ ಈ ರಿಯಾಯಿತಿ ಇಲ್ಲ. ಅಂದರೆ ಬಾಗಿಲು ತೆರೆದು ಹೊರಗೆ ಬಾ ಎಂದು ಕಾನೂನೂ ಹೇಳುತ್ತಿದೆ.

ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೂರವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ದಿನ ಬರುತ್ತಾರೆಂದು ಕೇಳಿಕೊಂಡು ಮಠದ ಗೋಡೆಗೆ ಬರೆದುಹಾಕಿ. ಫೋನಿನಲ್ಲೇ ಮಾತಾಡಬೇಕೆಂದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಯಾವುದೇ ತೊಂದರೆಗೆ ಟೆಲಿ ಮನಸ್ 14416. ಎರಡಕ್ಕೂ ದುಡ್ಡು ಬೀಳುವುದಿಲ್ಲ. ಇದನ್ನು ಬರೆದುಕೊಳ್ಳಿ, ನಾನು ಕಾಯುತ್ತೇನೆ.

ಇನ್ನು ಮಕ್ಕಳ ಸಂಜೆ. ನಾವು ‘ಬೇಡ, ಬೇಡ’ ಎಂದು ನೂರು ಸಲ ಹೇಳುತ್ತೇವೆ, ‘ಇದನ್ನು ಮಾಡು’ ಎಂದು ಒಂದನ್ನೂ ಕೊಡುವುದಿಲ್ಲ. ಯುರೋಪಿನ ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದಲ್ಲಿ ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು ಜನ. 1998ರಲ್ಲಿ ಅಲ್ಲಿಯ 15-16 ವಯಸ್ಸಿನ ಮಕ್ಕಳಲ್ಲಿ ಶೇಕಡಾ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದೆವು ಎಂದಿದ್ದರು. 2016ಕ್ಕೆ ಅದು ಶೇಕಡಾ 5ಕ್ಕೆ ಇಳಿಯಿತು. ದಿನಾ ಸಿಗರೇಟು ಸೇದುವವರು ಶೇಕಡಾ 23ರಿಂದ 3ಕ್ಕೆ ಇಳಿದರು. ಅವರು ಮಾಡಿದ್ದೇನು? ಬರಿಯ ಭಾಷಣ ನಂಬಲಿಲ್ಲ. ಆಟ, ಸಂಗೀತ, ನೃತ್ಯಕ್ಕೆ ಮಕ್ಕಳನ್ನು ಹಚ್ಚಿದರು, ಅದಕ್ಕೆ ಮನೆಗಳಿಗೆ ಸರ್ಕಾರದ ಹಣ ಕೊಟ್ಟರು. ಪಾಲಕರೆಲ್ಲ ಕೂಡಿ, ರಾತ್ರಿ ಇಷ್ಟು ಗಂಟೆಯ ಮೇಲೆ ಮಕ್ಕಳು ಹೊರಗಿರಬಾರದೆಂದು ಒಪ್ಪಂದ ಮಾಡಿಕೊಂಡು, ತಾವೇ ಸರದಿಯ ಮೇಲೆ ಬೀದಿ ಸುತ್ತಿದರು. ವರ್ಷ ವರ್ಷ ಮಕ್ಕಳನ್ನೇ ಕೇಳಿ ಲೆಕ್ಕ ಇಟ್ಟರು. ಅವರ ದುಡ್ಡು ನಮ್ಮಲ್ಲಿಲ್ಲ, ನಿಜ. ಆದರೆ ಗರಡಿಮನೆ ಇತ್ತು, ಭಜನಾಮೇಳ ಇತ್ತು, ಡೊಳ್ಳು ಇತ್ತು, ದೊಡ್ಡಾಟ ಇತ್ತು. ಸಂಜೆ ಆರಕ್ಕೆ ಶಾಲೆಯ ಗೇಟಿಗೆ ಬೀಗ, ಗರಡಿಮನೆಗೆ ಬೀಗ. ತೆರೆದಿರುವುದು ಯಾವುದು? ಬಾರು ಮಾತ್ರ. ಹುಡುಗ ಎಲ್ಲಿಗೆ ಹೋಗಬೇಕು ಹೇಳಿ?

ಈಗ ನಮಗೇ ತಾಗುವ ಮಾತು. ಪೂಜ್ಯರು ಮತ್ತು ಹಿರಿಯರು ಕ್ಷಮಿಸಬೇಕು. ಕಾಯಕ ಸತ್ಯಶುದ್ಧವಾಗಿರಬೇಕು, ಅಂಥ ಕಾಯಕದ ಗಳಿಕೆಯೇ ದಾಸೋಹಕ್ಕೆ ಸಲ್ಲಬೇಕು ಎಂಬುದು ನಮ್ಮ ಧರ್ಮದ ಬುನಾದಿ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಾಯಿ ಅದನ್ನು ಅಲ್ಲೇ ಸುರಿದು ಬರಲು ಹೇಳಿದರು. ಎರಡು ಹಿಡಿ ಹೆಚ್ಚು ಅಕ್ಕಿಯ ಮಾತದು! ಹಾಗಿರುವಾಗ ನಮ್ಮ ಜಾತ್ರೆಯ ಕಮಾನಿಗೆ ವೈನ್‌ಶಾಪಿನ ಹೆಸರು ಇರಬಹುದೇ? ಕಿರಾಣಿ ಅಂಗಡಿಯಲ್ಲಿ ಕದ್ದು ತೊಂಬತ್ತು ಎಂಎಲ್ ಪ್ಯಾಕೆಟ್ಟು ಮಾರಿಸುವವನಿಗೆ ವೇದಿಕೆಯ ಮೇಲೆ ಶಾಲು ಹೊದಿಸಬಹುದೇ? ಲಿಂಗಪೂಜೆ ಮಾಡಿ ಮದುವೆ ಮಾಡುತ್ತೇವೆ, ಹಿಂದಿನ ರಾತ್ರಿ ಗೆಳೆಯರಿಗೆ ಹೊಲದ ಮನೆಯಲ್ಲಿ ಪಾರ್ಟಿ ಕೊಡಿಸುತ್ತೇವೆ. ಚುನಾವಣೆ ಬಂದರೆ ಹದಿನೆಂಟು ತುಂಬಿದ ಹುಡುಗನಿಗೆ ಮೊದಲ ಮತದ ಜೊತೆ ಮೊದಲ ಬಾಟಲಿಯನ್ನೂ ಕೈಗಿಡುತ್ತಾರೆ, ಕೊಡುವವರಲ್ಲಿ ನಮ್ಮವರೂ ಇರುತ್ತಾರೆ. ಮಕ್ಕಳು ಇದೆಲ್ಲ ನೋಡುತ್ತಿಲ್ಲವೇ? ಕೊಡುವವನು ಬದಲಾಗಿ ಬಂದರೆ ಮಾರಯ್ಯನಂತೆ ಬರಮಾಡಿಕೊಳ್ಳೋಣ. ಬದಲಾಗದವನ ಹಣಕ್ಕೆ ಲಕ್ಕಮ್ಮನಂತೆ ‘ಬೇಡ’ ಎನ್ನೋಣ.

ಈ ವಿಷಯದಲ್ಲಿ ನಮಗೆ ದಾರಿ ತೋರಿಸಿದವರು ಬಡ ಹೆಣ್ಣುಮಕ್ಕಳು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು. ನಿಂತ ಮೇಲೆ ಅದರ ಜಾಗಕ್ಕೆ ಅಗ್ಗದ ಪ್ಯಾಕೆಟ್ ಮದ್ಯ ಬಂತು. 2019ರ ಜನವರಿಯ ಚಳಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧ ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದರು. ಅವರು ಯಾರೂ ತಮ್ಮ ಮನೆಯ ಕಷ್ಟ ಮುಚ್ಚಿಡಲಿಲ್ಲ. ಗಂಡನ, ಮಗನ ಕುಡಿತವನ್ನು ರಸ್ತೆಯ ಮೇಲೆ ನಿಂತು ಹೇಳಿದರು. ಕಳೆದುಕೊಳ್ಳಲು ‘ಮನಿತನದ ಮರ್ಯಾದಿ’ ಇದೆ ಎಂದುಕೊಂಡ ನಮಗಿಂತ ಅವರಿಗೆ ಧೈರ್ಯ ಹೆಚ್ಚಿತ್ತು.

ನಿವೃತ್ತನಾದ ಮೇಲೆ ನಾವು ಕೆಲವರು ನಮ್ಮೂರ ಮಠದಲ್ಲಿ ಒಂದು ಸಣ್ಣ ಪ್ರಯತ್ನ ಆರಂಭಿಸಿದ್ದೇವೆ. ಪ್ರತಿ ಅಮಾವಾಸ್ಯೆ ಭಜನೆ ಮುಗಿದ ಮೇಲೆ ಒಂದು ಗಂಟೆ ಮಠದ ಹಿಂದಿನ ಕೋಣೆ ತೆರೆದಿರುತ್ತದೆ. ಒಬ್ಬ ಆಶಾ ಕಾರ್ಯಕರ್ತೆ, ಒಬ್ಬ ಔಷಧ ಅಂಗಡಿಯವರು, ಹೈಸ್ಕೂಲಿನ ಪಿಟಿ ಮೇಷ್ಟ್ರು, ಪಕ್ಕದ ಓಣಿಯ ಮಸೀದಿಯ ಹಿರಿಯರು, ದಲಿತ ಕೇರಿಯ ಇಬ್ಬರು ಯುವಕರು, ಹಿಂದೊಮ್ಮೆ ಕುಡಿದು ಈಗ ಬಿಟ್ಟಿರುವ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ಅಲ್ಲಿರುತ್ತಾರೆ. ಚಟಕ್ಕೆ ಜಾತಿ ಇಲ್ಲ, ಆದ್ದರಿಂದ ಈ ಕೋಣೆಗೂ ಇಲ್ಲ. ಮೊದಲ ನಾಲ್ಕು ತಿಂಗಳು ಒಬ್ಬರೂ ಬರಲಿಲ್ಲ. ನಾವು ನಾವೇ ಚಹಾ ಕುಡಿದು ಎದ್ದು ಹೋಗುತ್ತಿದ್ದೆವು. ಐದನೆಯ ತಿಂಗಳು ಒಬ್ಬ ತಾಯಿ ಬಾಗಿಲ ಹೊರಗೆ ನಿಂತು, ‘ನಮ್ಮ ಪಕ್ಕದ ಮನೆಯ ಹುಡುಗನ ಬಗ್ಗೆ ಕೇಳಬೇಕಿತ್ತು’ ಎಂದರು. ನಾವು ಪಕ್ಕದ ಮನೆಯ ಹುಡುಗನ ಬಗ್ಗೆಯೇ ಮಾತಾಡಿದೆವು. ಎದ್ದು ಹೋಗುವಾಗ ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ‘ಮಂಗಳವಾರ ಕರಕೊಂಡು ಬರತೀನ್ರಿ’ ಎಂದರು. ಕರೆತಂದರು. ಆ ಹುಡುಗ ಎರಡು ಸಲ ಜಾರಿದ. ಈಗ ಸಂಜೆ ಮೈದಾನದಲ್ಲಿ ಸಣ್ಣ ಮಕ್ಕಳಿಗೆ ಖೋಖೋ ಹೇಳಿಕೊಡುತ್ತಾನೆ. ಮುಂದೆ ಏನಾಗುತ್ತದೋ, ಆದರೆ ಅವನು ಒಬ್ಬಂಟಿಯಾಗಿಲ್ಲ.

ಪೂಜ್ಯರಲ್ಲಿ ನನ್ನದೊಂದು ಅರಿಕೆ. ಈ ಭಾಗದ ಪ್ರತಿ ಮಠದಲ್ಲೂ ತಿಂಗಳಿಗೊಂದು ಸಂಜೆ ಇಂಥ ಒಂದು ಕೋಣೆ ತೆರೆಯಲಿ. ಶ್ರಾವಣದ ಪ್ರವಚನದಲ್ಲಿ ಒಂದು ದಿನ ಈ ವಿಷಯಕ್ಕೆ ಮೀಸಲಿರಲಿ, ಅಂದು ವೇದಿಕೆಯ ಮೇಲೆ ಒಬ್ಬ ಮನೋವೈದ್ಯರು ಇರಲಿ. ಜಾತ್ರೆಯ ಐದು ದಿನ ಊರಿನಲ್ಲಿ ಮದ್ಯ ಮಾರದಂತೆ ಗ್ರಾಮಸಭೆಯಲ್ಲಿ ಠರಾವು ಮಾಡಿಸೋಣ. ಮಠದ ಶಾಲೆಗಳಲ್ಲಿ ಇನ್ನು ಮುಂದೆ ಚಟದ ಕಾರಣಕ್ಕೆ ಯಾವ ಮಗುವನ್ನೂ ಹೊರಗೆ ಕಳಿಸುವುದಿಲ್ಲ, ಚಿಕಿತ್ಸೆಗೆ ಕಳಿಸಿ ಮತ್ತೆ ಅದೇ ಬೆಂಚಿನ ಮೇಲೆ ಕೂರಿಸುತ್ತೇವೆ ಎಂಬ ನಿಯಮ ಬರಲಿ. ಈ ಕೊನೆಯದನ್ನು ನನ್ನ ಪ್ರಾಯಶ್ಚಿತ್ತವೆಂದು ಕೇಳುತ್ತಿದ್ದೇನೆ.

ಹಿಂದಿನ ಸಾಲಿನ ತಮ್ಮಂದಿರೇ, ನಿಮಗೆ ಉಪದೇಶ ಮಾಡಲು ನನಗೆ ಬಾಯಿಲ್ಲ. ನಿಮ್ಮಲ್ಲಿ ಯಾರಾದರೂ ಬಿಡಬೇಕೆಂದುಕೊಂಡು ಬಿಡಲಾಗದೆ ಒದ್ದಾಡುತ್ತಿದ್ದರೆ, ಸಭೆ ಮುಗಿದ ಮೇಲೆ ನಾನು ಪ್ರಸಾದ ನಿಲಯದ ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತಿರುತ್ತೇನೆ. ಸುಮ್ಮನೆ ಬಂದು ಪಕ್ಕದಲ್ಲಿ ಕೂಡಿ. ಮೊದಲ ದಿನ ಏನೂ ಹೇಳಬೇಕಾಗಿಲ್ಲ. ತಾಯಂದಿರೇ, ನಿಮಗೆ ಒಂದೇ ಮಾತು. ನಿಮ್ಮಿಂದ ಯಾರಾದರೂ ಏನನ್ನಾದರೂ ಮುಚ್ಚಿಡುತ್ತಿದ್ದಾರೆ ಎನಿಸಿದರೆ ಕೇಳಿ. ನನ್ನಂಥ ಮೇಷ್ಟ್ರನ್ನು ಕೇಳಿ, ಗದರಿಸಿ ಕೇಳಿ. ಆ ತಾಯಿ ನನ್ನನ್ನು ಕೇಳಿದ ಪ್ರಶ್ನೆಯನ್ನು ಮಗ ಇದ್ದಾಗಲೇ ಕೇಳಿ.

ಜೋಳಿಗೆ ನಮ್ಮ ಬಾಗಿಲಿಗೆ ಬಂದು ಐವತ್ತು ವರ್ಷವಾಯಿತು. ಇನ್ನಾದರೂ ಬಾಗಿಲು ತೆರೆಯೋಣ.